ದೇಶಪರಿಚಯ: ಕಡಲಿಲ್ಲದ ಮಲಾವಿ

ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಕಡಲೆಂಬುದು ಅಂಗಳದಾಚೆಯ ನೆರೆಮನೆ ಇದ್ದಂತೆ. ಅದು ಇಲ್ಲದೆ ಹೋದರೆ ಬಾಳು ಹೇಗಿದ್ದೀತೆಂದು ನಾವು ಎಣಿಸುವುದೇ ಇಲ್ಲ. ಆದರೆ ಘಟ್ಟದ ಮೇಲಿನವರು ಬಹುಕಾಲ ಅದನ್ನು ಎಣಿಸಿ ಬಲ್ಲವರು. ವಿಜಯನಗರದ ಸೇನೆಯ ಅರಬೀ ಕುದುರೆಗಳು ಭಟ್ಕಳದಂತಹ ರೇವುಗಳಲ್ಲಿ ಇಳಿದ ಮೇಲೆಯೇ ಘಟ್ಟವನ್ನೇರಬೇಕಾಗಿದ್ದಿತು. ಗೇರುಸೊಪ್ಪೆಯ ಮೆಣಸು ಶರಾವತಿಯ ಮೇಲೆ ಹೊನ್ನಾವರಕ್ಕೆ ಬಂದು ಕಡಲನ್ನು ಕಾಣುತ್ತಿದ್ದಿತು. ಧಾರವಾಡ ಸೀಮೆಯ ಹತ್ತಿಯಂತೂ ದೇವಿಮನೆ ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿದ್ದುದರಿಂದ, ತಾನು ಬೆಳೆದ ನೆಲದ ಹೆಸರನ್ನೇ ಕಳೆದುಕೊಂಡು ಪರದೇಶದ ಪೇಟೆಗಳಲ್ಲಿ 'ಕುಮಟಾ ಹತ್ತಿ' ಎನಿಸಿಕೊಂಡಿತು. ಮನೆ ಒಬ್ಬರದು, ಹೆಬ್ಬಾಗಿಲು ಮತ್ತೊಬ್ಬರದು.

ಒಂದು ದೇಶಕ್ಕೆ ದೇಶವೇ ಹೀಗಿದ್ದರೆ ಅದರ ಸಂಸಾರ ಹೇಗೆ ನಡೆದೀತು? ಈ ಸಲ ಅಂತಹ ಒಂದು ದೇಶವನ್ನು ವಾಚಕರಿಗೆ ಪರಿಚಯ ಮಾಡಿಕೊಡುವೆವು.

ಆಫ್ರಿಕ ಖಂಡದ ಆಗ್ನೇಯದಲ್ಲಿ ಮಲಾವಿ ಎಂಬ ನಾಡುಂಟು. ಉತ್ತರಕ್ಕೆ ಟಾಂಜಾನಿಯ, ಪಶ್ಚಿಮಕ್ಕೆ ಜಾಂಬಿಯ. ಪೂರ್ವ, ದಕ್ಷಿಣ ಮತ್ತು ನೈಋತ್ಯಗಳಲ್ಲಿ ಮೊಜಾಂಬಿಕ್. ವಿಸ್ತಾರವು ಸುಮಾರು ೧,೧೮,೦೦೦ ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದ ಐದರಲ್ಲಿ ಮೂರು ಪಾಲು. ೨೦೧೮ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ೧ ಕೋಟಿ ೭೫ ಲಕ್ಷವಿದ್ದಿತು. ೧೮೯೧ರಿಂದ ಆಂಗ್ಲರ ಆಶ್ರಿತ ರಾಜ್ಯವಾಗಿ, ಮುಂದೆ ನ್ಯಾಸಾಲ್ಯಾಂಡ್ ಎಂಬ ಹೆಸರನ್ನು ತಳೆದಿದ್ದ ಈ ದೇಶವು ೧೯೬೪ನೆಯ ಜುಲೈ ೬ರಂದು ಸ್ವತಂತ್ರವಾಯಿತು. ಮೂರು ದಶಕಗಳ ಕಾಲ ಹೇಸ್ಟಿಂಗ್ಸ್ ಬಂಡಾ ಎಂಬವರೊಬ್ಬರ ಕೈಯಲ್ಲಿಯೇ ಅಧಿಕಾರವಿದ್ದು, ೧೯೯೪ರಲ್ಲಿ ಪ್ರಜೆಗಳು ಮತ ನೀಡಿ ಅವರನ್ನು ಇಳಿಸಿದರು. ೨೦೧೯ರ ಚುನಾವಣೆಯಲ್ಲಿ ಅಕ್ರಮ ನಡೆಯಿತೆಂದು ಕಂಡಾಗ ಮುಂದಿನ ವರ್ಷ ಅಲ್ಲಿಯ ನ್ಯಾಯಾಲಯವು ಅದನ್ನು ರದ್ದುಗೊಳಿಸಿ ಮರುಚುನಾವಣೆ ನಡೆಸಿಸಿತು. ಬಡವರ ನಾಡೆಂದು ಹಗುರಾಗಿ ಕಾಣುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡುವುದು ಲೇಸು.

ಕಡಲನ್ನು ಕೊಡದ ದೈವವು ಈ ನಾಡಿಗೆ ಒಂದು ಮಹಾಸರೋವರವನ್ನು ಕೊಟ್ಟಿದೆ. ಅದರ ಉದ್ದ ೫೬೦ ಕಿಲೋಮೀಟರಿಗೂ ಮಿಕ್ಕಿದ್ದು. ಆಳ ಕೆಲವೆಡೆ ೭೦೦ ಮೀಟರು. ನಮ್ಮ ಉತ್ತರ ಕನ್ನಡ ಜಿಲ್ಲೆಯಂತಹ ಮೂರು ಜಿಲ್ಲೆಗಳು ಹೆಚ್ಚುಕಡಿಮೆ ಅದರಲ್ಲಿ ಮುಳುಗಿಹೋದಾವು! ಅಲ್ಲಿಯ ಬೆಸ್ತರು ರಾತ್ರಿಯಲ್ಲಿ ದೋಣಿಗಳಿಗೆ ದೀಪವಿಟ್ಟು, ಬೆಳಕಿಗೆ ಕವಿದು ಬರುವ 'ಉಸಿಪ' ಎಂಬ ಸಣ್ಣ ಮೀನನ್ನು ಬಲೆಗೆ ತೆಗೆಯುವರು. ಬೆಳಗಾದೊಡನೆ ಅದನ್ನು ದಡದಲ್ಲಿ ಅಟ್ಟಗಳ ಮೇಲೆ ಹರವಿ ಒಣಗಿಸುವರು. ಒಣಮೀನಿನ ವಾಸನೆಯನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಆ ದಡವು ಅಪರಿಚಿತವೆನಿಸಲಾರದು. ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ಗಟ್ಟಿಯಾಗಿ ತೊಳಸಿದ 'ನ್ಸಿಮ' ಎಂಬುದು ಅವರ ನಿತ್ಯದ ಅನ್ನ; ಸೊಪ್ಪು, ಅವರೆ, ಮೀನುಗಳು ಅದಕ್ಕೆ ನೆಂಚಿಕೆ. ನವೆಂಬರಿನ ಮಳೆಗೆ ಬಿತ್ತಿದ್ದು ಕೈಗೆ ಬರುವ ಮೊದಲು, ಜನವರಿ ಫೆಬ್ರವರಿಗಳಲ್ಲಿ, ಬಡವರ ಮನೆಗಳ ಕಣಜ ಬರಿದಾಗುವುದುಂಟು.

ಸರೋವರವು ಹೊಟ್ಟೆಗೆ ಮೀನನ್ನು ಕೊಟ್ಟೀತು. ಹೊರದೇಶಕ್ಕೆ ದಾರಿಯನ್ನು ಕೊಡಲಾರದು. ಹೊಗೆಸೊಪ್ಪು, ಚಹ, ಸಕ್ಕರೆಗಳು ಮಾರಾಟಕ್ಕೆ ಹೋಗಬೇಕಾದರೂ, ಗೊಬ್ಬರ, ಪೆಟ್ರೋಲು, ಔಷಧಗಳು ಒಳಗೆ ಬರಬೇಕಾದರೂ ಅನ್ಯರ ನೆಲವನ್ನು ದಾಟಬೇಕು. ಮೊಜಾಂಬಿಕಿನ ಬೇರಾ, ನಕಾಲ ಎಂಬ ರೇವುಗಳಿಗೆ ರೈಲುದಾರಿಗಳಿದ್ದುವು. ಆ ದೇಶದಲ್ಲಿ ೧೯೭೭ರಿಂದ ಅಂತಃಕಲಹವೆದ್ದು, ೧೯೮೦ರ ದಶಕದ ನಡುವಿಗೆ ಎರಡು ದಾರಿಗಳೂ ಮುಚ್ಚಿಹೋದುವು. ಆಗ ಮಲಾವಿಯ ಸರಕು ದಕ್ಷಿಣ ಆಫ್ರಿಕದ ಡರ್ಬನ್ನಿನವರೆಗೆ ಸಾವಿರಾರು ಕಿಲೋಮೀಟರು ಸುತ್ತಿ ಹೋಗಬೇಕಾಯಿತು. ಸಾಗಾಣಿಕೆಯ ಖರ್ಚಿನ ಭಾರವು ಕೊನೆಗೆ ಹಳ್ಳಿಯ ಒಲೆಯ ಮೇಲೆಯೇ ಬಿದ್ದಿತೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಮುಂದಿನ ಮಾತು. ಸರಕಿಗೆ ಮುಚ್ಚಿದ ಅದೇ ಗಡಿಯಿಂದ, ಯುದ್ಧಕ್ಕಂಜಿದ ಮೊಜಾಂಬಿಕಿನ ಜನರು ಹೆಂಗಸರು ಮಕ್ಕಳೊಡನೆ ಒಳಕ್ಕೆ ಬಂದರು. ೧೯೯೨ರಲ್ಲಿ ಶಾಂತಿಯಾಗುವಷ್ಟರಲ್ಲಿ ಅವರ ಸಂಖ್ಯೆ ಹತ್ತು ಲಕ್ಷದಷ್ಟಾಗಿದ್ದಿತು. ಆಗ ಮಲಾವಿಯ ಸ್ವಂತ ಜನಸಂಖ್ಯೆ ಒಂದು ಕೋಟಿಯನ್ನೂ ಮುಟ್ಟಿರಲಿಲ್ಲ. ಹತ್ತು ಜನರಿಗೇ ಸಾಲದ ಮನೆಯಲ್ಲಿ ಹನ್ನೊಂದನೆಯವರಿಗೂ ಎಲೆ ಹಾಕಿದಂತಾಯಿತು. ತನಗೆ ಹೊರಗಿನ ಬಾಗಿಲು ಮುಚ್ಚಿದ್ದಾಗ ತನ್ನ ಬಾಗಿಲನ್ನು ತೆರೆದಿಟ್ಟವರ ಸಂಗತಿಯು ಲೋಕದ ಚರಿತ್ರೆಯಲ್ಲಿ ವಿರಳ.

ಕಡಲಿಲ್ಲದವರಿಗೆ ಕಡಲಿನ ಕಾಟವಾದರೂ ತಪ್ಪಿತೇ ಎಂದರೆ ಅದೂ ಇಲ್ಲ. ೨೦೨೩ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಕಡೆ ಹುಟ್ಟಿದ 'ಫ್ರೆಡ್ಡಿ' ಎಂಬ ಚಂಡಮಾರುತವು ಹಿಂದೂ ಮಹಾಸಾಗರವನ್ನೆಲ್ಲ ದಾಟಿ, ಮಾರ್ಚಿಯಲ್ಲಿ ದಕ್ಷಿಣ ಮಲಾವಿಯ ಮೇಲೆ ಮಳೆ ಸುರಿಸಿತು. ಬ್ಲಾಂಟೈರ್ ಪಟ್ಟಣದ ಸುತ್ತ ಗುಡ್ಡಗಳೇ ಜರಿದುವು. ಮಡಿದವರೂ ಕಾಣದೆ ಹೋದವರೂ ಕೂಡಿ ಸಾವಿರಕ್ಕೆ ಮಿಕ್ಕಿದರು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಸದ್ದನ್ನು ಬಲ್ಲ ನಮ್ಮ ಕರಾವಳಿಯವರಿಗೆ ಈ ದುಃಖವನ್ನು ವಿವರಿಸಬೇಕಾಗಿಲ್ಲ.

೧೮೮೦ರ ದಶಕದ ಕೊನೆಯಲ್ಲಿ ರೈಲು ಮರ್ಮಗೋವೆಯ ಕಡೆಗೆ ಹೋದ ಮೇಲೆ ಕುಮಟೆಯ ಹತ್ತಿಯ ವ್ಯಾಪಾರವು ಬತ್ತಿತು. ಹೆಬ್ಬಾಗಿಲು ಎಂದಿಗೂ ನಮ್ಮದೇ ಎಂದು ಬೀಗುವವರಿಗೆ ಇದು ಸಾಕಾದ ಪಾಠ. ಮನೆಯ ಮಕ್ಕಳು ಭೂಪಟವನ್ನು ಬಿಡಿಸಿದಾಗ ಆ ನೀಳವಾದ ನೀಲಿ ಸರೋವರವನ್ನು ಅವರಿಗೆ ತೋರಿಸಿರಿ. ಅದರ ದಡದಲ್ಲಿ ನಮ್ಮಂತೆಯೇ ಮೀನೊಣಗಿಸಿ ಉಣ್ಣುವ ಜನರಿದ್ದಾರೆಂದೂ, ಕೊರತೆಯ ಕಾಲದಲ್ಲಿ ನೆರೆಯವರಿಗೆ ಅವರು ಎಡೆ ಕೊಟ್ಟರೆಂದೂ ಹೇಳಿರಿ.