ಪಿಡಿಎಫ್‌ಗೆ ಚಿತ್ರ ಸೇರಿಸಲು ಅಂಗಡಿಗೇ ಹೋಗಬೇಕೆ?

ಕರಾವಳಿಯ ಸಹೋದರಿಯೊಬ್ಬರು ಕಳೆದ ತಿಂಗಳು ಫೋನ್ ಮಾಡಿದ್ದರು. ಮಗಳ ವಿದ್ಯಾರ್ಥಿವೇತನದ ಅರ್ಜಿ ಪಿಡಿಎಫ್ ರೂಪದಲ್ಲಿ ಬಂದಿತ್ತು. ಅದರ ಮೂಲೆಯ ಚೌಕದಲ್ಲಿ ಫೋಟೊ ಕೂರಿಸಬೇಕು, ಅಂಕಪಟ್ಟಿ ಮತ್ತು ಪಾಸ್‌ಬುಕ್ಕಿನ ಚಿತ್ರಗಳನ್ನು ಕೊನೆಗೆ ಸೇರಿಸಿ ಒಂದೇ ಫೈಲ್ ಮಾಡಿ ಕಳುಹಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಇದು ತಮ್ಮಿಂದಾಗದ ಕೆಲಸವೆಂದು ತಾಯಿ-ಮಗಳು ಪೇಟೆಯ ಅಂಗಡಿಯೊಂದಕ್ಕೆ ಹೋದರು. ಕೆಲಸವೇನೋ ಹತ್ತು ನಿಮಿಷದಲ್ಲಿ ಆಯಿತು. ಆದರೆ ವಾರದ ನಂತರ ಬೇರೊಂದು ಕೆಲಸಕ್ಕೆ ಅದೇ ಅಂಗಡಿಗೆ ಹೋದಾಗ, ಕಂಪ್ಯೂಟರಿನ ಪರದೆಯ ಮೇಲೆ ಮಗಳ ಫೋಟೊ ಮತ್ತು ಆಧಾರ್ ಕಾರ್ಡ್ ಹಾಗೆಯೇ ಇದ್ದವು. ಸುತ್ತ ನಾಲ್ಕಾರು ಮಂದಿ ಅಪರಿಚಿತರು ನಿಂತಿದ್ದರು.

“ಅಂಗಡಿಯವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ” ಎಂದರು ಆಕೆ.

ಆ ತಾಯಿಯ ಆತಂಕ ನಮ್ಮೆಲ್ಲರದೂ ಹೌದು. ಹೆಣ್ಣು ಮಕ್ಕಳ ಭಾವಚಿತ್ರ, ಮನೆಯ ವಿಳಾಸ, ಬ್ಯಾಂಕ್ ಖಾತೆಯ ಸಂಖ್ಯೆ ಇವೆಲ್ಲ ನಮ್ಮ ಕೈಯಲ್ಲಿರುವ ಅಮಾನತ್ತುಗಳು. ಸಂತೋಷದ ಸಂಗತಿಯೆಂದರೆ, ಈ ಕೆಲಸವನ್ನು ಒಂದು ಪೈಸೆ ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದು. ಹೇಗೆಂದು ನೋಡೋಣ.

ಮೊದಲು ಪಿಡಿಎಫ್ ಎಂದರೇನೆಂದು ತಿಳಿಯೋಣ. ಅಡೋಬಿ ಕಂಪೆನಿ 1993ರಲ್ಲಿ ಇದನ್ನು ಹೊರತಂದಿತು. ಒಂದು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಪುಟ ಇನ್ನೊಂದು ಕಂಪ್ಯೂಟರಿನಲ್ಲೂ ಅಕ್ಷರ, ಸಾಲು, ಚಿತ್ರ ಯಾವುದೂ ಅಲುಗಾಡದೆ ಹಾಗೆಯೇ ಕಾಣಬೇಕೆಂಬುದು ಅದರ ಉದ್ದೇಶ. 2008ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಅದನ್ನು ಮುದ್ರಿಸಿ ಮುಗಿಸಿದ ಕಾಗದದಂತೆ ಎಂದುಕೊಳ್ಳಿ. ಬರೆಯುತ್ತಿರುವ ಕಾಗದದಲ್ಲಿ ತಿದ್ದುವುದು ಸುಲಭ. ಮುದ್ರಿತ ಕಾಗದದ ಮೇಲೆ ಏನಾದರೂ ಬೇಕಿದ್ದರೆ ಅಂಟಿಸಬೇಕು. ಆದ್ದರಿಂದಲೇ ಪಿಡಿಎಫ್‌ಗೆ ಚಿತ್ರ ಹಾಕಲು ಪ್ರತ್ಯೇಕ ದಾರಿ ಬೇಕಾಗುತ್ತದೆ.

ಫಾರ್ಮಿನ ಮೇಲೆ ಫೋಟೊ ಕೂರಿಸುವುದು

ಇದಕ್ಕೆ ಫೈರ್‌ಫಾಕ್ಸ್ ಎಂಬ ಉಚಿತ ಬ್ರೌಸರ್ ಸಾಕು. 2023ರ ಅಕ್ಟೋಬರ್‌ನಲ್ಲಿ ಬಂದ 119ನೇ ಆವೃತ್ತಿಯಿಂದ ಅದರಲ್ಲಿ ಪಿಡಿಎಫ್‌ಗೆ ಚಿತ್ರ ಸೇರಿಸುವ ಸೌಲಭ್ಯವಿದೆ. ಫಾರ್ಮಿನ ಫೈಲ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ಫೈರ್‌ಫಾಕ್ಸ್ ಆರಿಸಿ. ಪುಟದ ಮೇಲ್ಭಾಗದ ಬಲಗಡೆ ಅಕ್ಷರ ಬರೆಯಲು, ಗೆರೆ ಎಳೆಯಲು ಇರುವ ಗುರುತುಗಳ ಸಾಲಿನಲ್ಲೇ ಚಿತ್ರದ ಗುರುತೂ ಇರುತ್ತದೆ. ಅದನ್ನು ಒತ್ತಿ ನಿಮ್ಮ ಫೋಟೊ ಆರಿಸಿದರೆ ಅದು ಪುಟದ ಮೇಲೆ ಬಂದು ಕೂರುತ್ತದೆ. ಮೌಸಿನಿಂದ ಎಳೆದು ಚೌಕದೊಳಗೆ ತನ್ನಿ. ಮೂಲೆ ಹಿಡಿದು ಎಳೆದು ಅಳತೆ ಹೊಂದಿಸಿ. ನಂತರ ‘ಸೇವ್’ ಒತ್ತಿ ಬೇರೆ ಹೆಸರಿನಲ್ಲಿ ಉಳಿಸಿ. ಮೂಲ ಫಾರ್ಮ್ ಹಾಗೆಯೇ ಇರಲಿ. ತಪ್ಪಾದರೆ ಮತ್ತೆ ಮೊದಲಿನಿಂದ ಮಾಡಬಹುದು.

ಇದೆಲ್ಲ ನಿಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ. ಅಂತರ್ಜಾಲದಲ್ಲಿ ‘ಉಚಿತವಾಗಿ ಪಿಡಿಎಫ್ ತಿದ್ದಿಕೊಡುತ್ತೇವೆ’ ಎನ್ನುವ ತಾಣಗಳು ಬಹಳಷ್ಟಿವೆ. ಅವುಗಳಲ್ಲಿ ಹೆಚ್ಚಿನವು ನಿಮ್ಮ ಫೈಲನ್ನು ತಮ್ಮ ಕಂಪ್ಯೂಟರಿಗೆ ತರಿಸಿಕೊಂಡು ಕೆಲಸ ಮಾಡುತ್ತವೆ. ಅಂಗಡಿಯ ಬದಲು ಕಾಣದ ಊರಿನ ಅಂಗಡಿಗೆ ಕೊಟ್ಟಂತಾಯಿತು, ಅಷ್ಟೇ. ಆಮಂತ್ರಣ ಪತ್ರವಾದರೆ ಚಿಂತೆಯಿಲ್ಲ. ಆಧಾರ್, ಪಾಸ್‌ಬುಕ್‌ಗಳನ್ನು ಅಲ್ಲಿ ಹಾಕದಿರುವುದೇ ಲೇಸು.

ದಾಖಲೆಗಳ ಚಿತ್ರಗಳಿಂದ ಪಿಡಿಎಫ್

ಅಂಕಪಟ್ಟಿಯನ್ನು ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ ಸಮನಾದ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನಿಮ್ಮ ಕೈಯ ನೆರಳು ಬೀಳದಿರಲಿ. ಕೇಬಲ್ ಮೂಲಕ ಕಂಪ್ಯೂಟರಿಗೆ ಹಾಕಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ; ಸಣ್ಣ ಅಕ್ಷರಗಳು ಮಸುಕಾಗುತ್ತವೆ.

ಚಿತ್ರಗಳಿಗೆ ಬೇಕಾದ ಕ್ರಮದಲ್ಲಿ 1, 2, 3 ಎಂದು ಹೆಸರಿಡಿ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಮೊದಲ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಪ್ರಿಂಟ್’ ಎನ್ನಿ. ವಿಂಡೋಸ್ 10 ಮತ್ತು 11ರಲ್ಲಿ ಪ್ರಿಂಟರುಗಳ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂದಿರುತ್ತದೆ. ಅದನ್ನು ಆರಿಸಿ, ಕಾಗದದ ಅಳತೆ ಎ4 ಇಡಿ. ಕೆಳಗಿರುವ ‘ಫಿಟ್ ಪಿಕ್ಚರ್ ಟು ಫ್ರೇಮ್’ ಎಂಬಲ್ಲಿನ ಗುರುತನ್ನು ತೆಗೆಯಲು ಮರೆಯಬೇಡಿ. ಅದು ಇದ್ದರೆ ಪುಟ ತುಂಬಿಸುವ ಭರದಲ್ಲಿ ದಾಖಲೆಯ ಅಂಚು ಕತ್ತರಿಸಿ ಹೋಗುತ್ತದೆ. ಅಂಚಿನಲ್ಲೇ ನೋಂದಣಿ ಸಂಖ್ಯೆ ಇದ್ದರೆ ಅರ್ಜಿ ತಿರಸ್ಕೃತವಾದೀತು.

ಈಗ ಎರಡು ಪಿಡಿಎಫ್‌ಗಳು ಸಿದ್ಧವಾದವು: ಫೋಟೊ ಇರುವ ಫಾರ್ಮ್ ಒಂದು, ದಾಖಲೆಗಳದ್ದು ಇನ್ನೊಂದು. ಇವನ್ನು ಒಂದಾಗಿಸಲು ‘ಪಿಡಿಎಫ್‌ಸ್ಯಾಮ್ ಬೇಸಿಕ್’ ಎಂಬ ಉಚಿತ ತಂತ್ರಾಂಶವಿದೆ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ‘ಮರ್ಜ್’ ಆರಿಸಿ, ಎರಡೂ ಫೈಲುಗಳನ್ನು ಕ್ರಮವಾಗಿ ಎಳೆದು ಹಾಕಿ, ‘ರನ್’ ಒತ್ತಿದರಾಯಿತು.

ಗಾತ್ರದ ತಲೆನೋವು

‘ಇಷ್ಟು ಕೆಬಿಗಿಂತ ಹೆಚ್ಚಿರಬಾರದು’ ಎಂಬ ಷರತ್ತು ಹೆಚ್ಚಿನ ಅರ್ಜಿಗಳಲ್ಲಿರುತ್ತದೆ. ಮೂಲೆ ಎಳೆದು ಚಿತ್ರವನ್ನು ಚಿಕ್ಕದು ಮಾಡಿದರೆ ಕಣ್ಣಿಗೆ ಚಿಕ್ಕದಾಗಿ ಕಂಡೀತು, ಫೈಲಿನ ಭಾರ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಸೇರಿಸುವ ಮೊದಲೇ ಕುಗ್ಗಿಸಿ. ‘ಪೇಂಟ್’ನಲ್ಲಿ ಚಿತ್ರ ತೆರೆದು ‘ರಿಸೈಝ್’ ಒತ್ತಿ. 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಫೋಟೊ ಸ್ಪಷ್ಟವಾಗಿ ಮುದ್ರಣವಾಗಲು ಸುಮಾರು 413 ಮತ್ತು 531 ಪಿಕ್ಸೆಲ್ ಸಾಕು. ಎ4 ಅಳತೆಯ ದಾಖಲೆಯನ್ನು ಓದಲು ಸಾಮಾನ್ಯವಾಗಿ 1240 ಮತ್ತು 1754 ಪಿಕ್ಸೆಲ್ ಸಾಕಾಗುತ್ತದೆ. ಮೊಬೈಲಿನ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಉಳಿಸುವಾಗ ಜೆಪಿಇಜಿ ಆರಿಸಿ; ಫೋಟೊಗಳಿಗೆ ಪಿಎನ್‌ಜಿಗಿಂತ ಅದು ಹಗುರ.

ಮರೆಯಬಾರದ ಎರಡು ಮಾತು

ಒಂದು: ಸಂಖ್ಯೆಯನ್ನು ಮರೆಮಾಡಲು ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿದರೆ ಅದು ಅಳಿಸಿತೆಂದು ತಿಳಿಯಬೇಡಿ. ಪಟ್ಟಿಯ ಕೆಳಗೆ ಅಕ್ಷರ ಹಾಗೆಯೇ ಉಳಿದಿರಬಹುದು. 2019ರ ಜನವರಿಯಲ್ಲಿ ಅಮೆರಿಕದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಕಪ್ಪು ಬಳಿದಿದ್ದ ಸಾಲುಗಳನ್ನು ಜನರು ಕಾಪಿ ಮಾಡಿ ಬೇರೆಡೆ ಅಂಟಿಸಿ ಓದಿಬಿಟ್ಟರು. ಅಷ್ಟು ದೊಡ್ಡ ವಕೀಲರೇ ಎಡವಿದ ಮೇಲೆ ನಾವು ಎಚ್ಚರವಾಗಿರುವುದು ಒಳ್ಳೆಯದು. ಆಧಾರ್‌ನ ಪೂರ್ಣ ಸಂಖ್ಯೆ ಕೇಳದ ಕಡೆಗೆ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಂಡು ಕೊಡಿ. ಅದರಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುತ್ತವೆ.

ಎರಡು: ಡಿಜಿಟಲ್ ಸಹಿ ಇರುವ ಪಿಡಿಎಫ್ ಮೇಲೆ ಚಿತ್ರ ಅಂಟಿಸಬೇಡಿ. ಸಹಿಯಾದ ನಂತರ ತಿದ್ದಿದ್ದಾರೆಂದು ಫೈಲೇ ಹೇಳಿಬಿಡುತ್ತದೆ. ಸಹಿಗೆ ಬೆಲೆ ಇಲ್ಲವಾಗುತ್ತದೆ. ಅಂಥ ದಾಖಲೆಯನ್ನು ಪ್ರತ್ಯೇಕವಾಗಿಯೇ ಕಳುಹಿಸಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅಂಗಡಿಗೆ ಹೋಗಲೇಬೇಕಾಗುತ್ತದೆ. ಹಾಗಿದ್ದಾಗ ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ. ಕೆಲಸ ಮುಗಿದ ಮೇಲೆ ಪರದೆಯ ಮೇಲಿನ ಮತ್ತು ‘ಡೌನ್‌ಲೋಡ್ಸ್’ನಲ್ಲಿರುವ ನಿಮ್ಮ ಫೈಲುಗಳನ್ನು ನಿಮ್ಮೆದುರೇ ಅಳಿಸಲು ಹೇಳಿ. ‘ರಿಸೈಕಲ್ ಬಿನ್’ ಕೂಡಾ ಖಾಲಿಯಾಗಲಿ. ವಾಟ್ಸ್ಯಾಪ್ ಅಥವಾ ಇಮೇಲ್ ತೆರೆದಿದ್ದರೆ ಲಾಗ್ ಔಟ್ ಆಗಿ. ಹೀಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ನಯವಾಗಿ ಹೇಳಿದರೆ ಯಾರೂ ಬೇಸರಿಸುವುದಿಲ್ಲ.

ಆ ಸಹೋದರಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಮಗಳ ಹಾಸ್ಟೆಲ್ ಅರ್ಜಿಯನ್ನು ತಾಯಿ-ಮಗಳು ಮನೆಯಲ್ಲೇ ಕೂತು ಸಿದ್ಧಪಡಿಸಿದರಂತೆ. ಮೊದಲ ಸಲ ಫೋಟೊ ಚೌಕದ ಹೊರಗೆ ಹೋಯಿತಂತೆ, ಎರಡನೇ ಸಲ ಸರಿಯಾಯಿತಂತೆ. “ಉಮ್ಮ, ಇನ್ನು ನೆರೆಮನೆಯವರದ್ದೂ ನಾವೇ ಮಾಡಿಕೊಡೋಣ” ಎಂದಳಂತೆ ಮಗಳು. ನೀವೂ ಈ ವಾರ ಯಾವುದಾದರೂ ಹಳೆಯ ಫಾರ್ಮಿನ ಮೇಲೆ ಒಮ್ಮೆ ಅಭ್ಯಾಸ ಮಾಡಿ ನೋಡಿ. ಅರ್ಜಿಯ ಕೊನೆಯ ದಿನ ಕಲಿಯಲು ಹೊರಟರೆ ಕೈ ನಡುಗುತ್ತದೆ.