ಮೂರು ರೂಪಾಯಿ ಕೊಡೋಣ, ಲೆಕ್ಕ ಕೇಳೋಣ

ಪಶ್ಚಿಮ ಘಟ್ಟದ ನದಿಗಳ ನೀರು ಕುಡಿಯುವ ಊರುಗಳಲ್ಲಿ ನೀರಿನ ಬಿಲ್ಲಿಗೆ ತಿಂಗಳಿಗೆ ಎರಡು-ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾವ ತಯಾರಿಸಿ ಎಂದು 2024ರ ನವೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಬೆಂಗಳೂರಿನ ನಮ್ಮ ಬೈಯಪ್ಪನಹಳ್ಳಿ ಬೀದಿಯಲ್ಲಿ ಎದ್ದ ಮೊದಲ ಮಾತು, ‘ಇನ್ನೊಂದು ವಸೂಲಿ’. ಟ್ಯಾಂಕರಿಗೆ ದುಡ್ಡು ಸುರಿದ ಜನ, ಅನ್ನಲಿ. ನಾನು ಕೊಡುವವರ ಕಡೆ.

ನನ್ನ ತವರು ಸಕಲೇಶಪುರದ ಕಡೆ. ಅಲ್ಲಿನ ಮಳೆಗೆ ಎರಡು ದಾರಿ. ಮೂಡಣ ಮಗ್ಗುಲಿಗೆ ಬಿದ್ದದ್ದು ಹೇಮಾವತಿ ಸೇರಿ, ಗೊರೂರು ದಾಟಿ, ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯಾಗುತ್ತದೆ. ಮುಂದೆ ತೊರೆಕಾಡನಹಳ್ಳಿಯಿಂದ ಪಂಪು ಹತ್ತಿ ಸುಮಾರು ನೂರು ಕಿಲೋಮೀಟರ್ ಬಂದು ನಮ್ಮ ಸಂಪಿಗೆ ಬೀಳುತ್ತದೆ. ಪಡುವಣಕ್ಕೆ ಬಿದ್ದದ್ದು ಎತ್ತಿನಹೊಳೆ, ಕಾಡುಮನೆಹೊಳೆಗಳಲ್ಲಿ ಇಳಿದು ನೇತ್ರಾವತಿಗೆ ಹೋಗುತ್ತಿತ್ತು. ಅದನ್ನೂ ಮೇಲೆತ್ತಿ ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಚಾಲೂ ಆಯಿತು. ಒಟ್ಟು ಅಂದಾಜು 23,000 ಕೋಟಿ ರೂಪಾಯಿ ದಾಟಿದೆ. ಕೋಲಾರದವರಿಗೆ ನೀರು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಎರಡೂ ಕಡೆಗೆ ನೀರು ಕೊಟ್ಟ ತಾಲ್ಲೂಕಿಗೆ ಸಿಕ್ಕಿದ್ದೇನು?

‘ನೀರು ನಿಮ್ಗೆ, ಆನೆ ನಮ್ಗೆ’ ಅನ್ನುತ್ತಾರೆ ಅತ್ತಿಗೆ. ಕಾಫಿ ಕೊಯ್ಲಿನ ದಿನಗಳಲ್ಲಿ, ಹಿಂಡು ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುವ ತನಕ ಆಳುಗಳು ಲೈನ್ ಮನೆ ಬಿಟ್ಟು ಕದಲುವುದಿಲ್ಲ. ಇತ್ತ ನಮ್ಮ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರ್ಡೇಶ್ವರಕ್ಕೆ ಹೊರಡುವ ರೈಲು ಘಟ್ಟದ 57 ಸುರಂಗಗಳನ್ನು ನಮಗೆ ನಿದ್ದೆಯಲ್ಲೇ ದಾಟಿಸುತ್ತದೆ. ಇಂದಿರಾನಗರದ ಹುಡುಗರಿಗೆ ಸಕಲೇಶಪುರವೆಂದರೆ ಶನಿವಾರದ ಹೋಂಸ್ಟೇ.

ಸೆಸ್ ಹಣದಲ್ಲಿ ಮಾರಲೊಪ್ಪುವ ರೈತರ ಜಮೀನು ಕೊಂಡು ಕಾಡಿಗೆ ಸೇರಿಸುವ ಆಲೋಚನೆಯೂ ಇದೆ. ಅಷ್ಟಕ್ಕೇ ನಿಂತರೆ ನನಗೆ ತಕರಾರಿದೆ. ಊರು ಖಾಲಿ ಮಾಡಿಸಲು ಮಾತ್ರ ದುಡ್ಡು, ಊರಿನಲ್ಲಿ ಉಳಿದವರಿಗೆ ಇಲ್ಲ ಅಂದರೆ ಹೇಗೆ? ಘಟ್ಟ ಉಳಿಸುವ ಬಗ್ಗೆ ವರದಿ ಕೊಟ್ಟ ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಗ್ರಾಮಸಭೆಗಳ ಮಾತು ಕೇಳಿ ಎಂದಿತ್ತು. ಆದರೆ ಘಟ್ಟದ ಹಳ್ಳಿಗಳಿಗೆ ಮುಟ್ಟಿದ್ದು ಕಸ್ತೂರಿರಂಗನ್ ವರದಿಯ ಹಿಂದೆ ಬಂದ ಪಟ್ಟಿ: ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ. ‘ಪಟ್ಟಿಯಲ್ಲಿ ನಮ್ಮೂರಿದೆಯಂತೆ’ ಎಂಬ ಭಯಕ್ಕೆ ಯಾರೂ ಮನೆಬಾಗಿಲಿಗೆ ಹೋಗಿ ಉತ್ತರ ಹೇಳಲಿಲ್ಲ. ವಿರೋಧಿಸಿದವರೆಲ್ಲ ಕಾಡಿನ ವೈರಿಗಳಲ್ಲ. ಸರ್ಕಾರ ತಮ್ಮೂರಿಗೆ ನಿಷೇಧ ಹೊತ್ತು ಬಂದದ್ದನ್ನಷ್ಟೇ ಕಂಡವರು.

ಆದ್ದರಿಂದ ಸೆಸ್ಸಿನ ಅರ್ಧವಾದರೂ ನೇರವಾಗಿ ಘಟ್ಟದ ಪಂಚಾಯಿತಿಗಳಿಗೆ ಹೋಗಲಿ. ಬೇಲಿಯೋ, ಬೆಳೆ ಪರಿಹಾರವೋ, ಆಸ್ಪತ್ರೆಗೆ ಜೀಪೋ, ಗ್ರಾಮಸಭೆಯೇ ತೀರ್ಮಾನಿಸಲಿ. ವರ್ಷಕ್ಕೊಮ್ಮೆ ನಮ್ಮ ನೀರಿನ ಬಿಲ್ಲಿನ ಹಿಂಬದಿಯಲ್ಲಿ, ಸಕಲೇಶಪುರದ ಹೆತ್ತೂರಿಗೆ ಎಷ್ಟು ಹೋಯಿತು, ಹಾನಬಾಳಿಗೆ ಎಷ್ಟು ಎಂದು ಅಚ್ಚಾಗಲಿ.