ಉಂಡ ಮನೆಯ ಜಂತೆ ಎಣಿಸುವವರಾರು?

2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ, ಐಪಿಎಲ್‌ನ 18ನೇ ಆವೃತ್ತಿಯಲ್ಲಿ ಕೊನೆಗೂ ಕಪ್ ಎತ್ತಿತು. ವಿರಾಟ್ ಕೊಹ್ಲಿ ಕಣ್ಣೀರಿಟ್ಟರು. ಹಳೆಯ ಜತೆಗಾರ ಎಬಿ ಡಿವಿಲಿಯರ್ಸ್ ಅವರನ್ನು ಅಪ್ಪಿಕೊಂಡರು. ನೇರ ಪ್ರಸಾರದ ಮೈಕುಗಳು ಆಟಗಾರರ ಒಂದೊಂದು ಬಿಕ್ಕಳಿಕೆಯನ್ನೂ ಕನ್ನಡ ನಾಡಿನ ಮನೆಮನೆಗೆ ತಲುಪಿಸಿದವು.

ಮರುದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹಿಂದಿನ ರಾತ್ರಿ ಅಷ್ಟೊಂದು ಮೈಕುಗಳ ಮುಂದೆ ಅಷ್ಟೊಂದು ಮಾತನಾಡಿದ್ದ ತಂಡದಿಂದ ಅಂದು ಬಂದದ್ದು ಸಾಮಾಜಿಕ ಜಾಲತಾಣದ ಸಂತಾಪದ ಸಾಲುಗಳು. ಮೆರವಣಿಗೆ ಬೇಕಿತ್ತೇ, ಇಷ್ಟು ಅವಸರದಲ್ಲಿ ಬೇಕಿತ್ತೇ ಎಂಬ ನೇರ ಪ್ರಶ್ನೆಗೆ ಅಂಥ ಸಾಲುಗಳಲ್ಲಿ ಜಾಗವಿರುವುದಿಲ್ಲ.

ಆ ಪ್ರಶ್ನೆಗೆ ಎದುರುಬದುರು ಕುಳಿತ ಉತ್ತರ ಸಿಕ್ಕಿದ್ದು ಜೂನ್ 5ರಂದು, ಅದೂ ಮುಂಬೈಯಲ್ಲಿ. ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಿದ್ದ ಭಾರತ ತಂಡದ ಕೋಚ್ ಗೌತಮ್ ಗಂಭೀರ್, ತಮಗೆ ಇಂತಹ ರೋಡ್ ಶೋಗಳಲ್ಲಿ ಎಂದೂ ನಂಬಿಕೆ ಇರಲಿಲ್ಲ, ಜನರ ಜೀವ ಎಲ್ಲಕ್ಕಿಂತ ದೊಡ್ಡದು ಎಂಬ ಅರ್ಥದ ಮಾತನ್ನಾಡಿದರು. ಗಂಭೀರ್ ಆ ತಂಡದವರಲ್ಲ, ಆ ಮೆರವಣಿಗೆಗೂ ಅವರಿಗೂ ಸಂಬಂಧವಿಲ್ಲ. ಆದರೂ ಉತ್ತರ ಬಂತು. ಏಕೆಂದರೆ ಅದು ಪತ್ರಿಕಾಗೋಷ್ಠಿ. ಅಲ್ಲಿ ಕುಳಿತಿದ್ದ ವರದಿಗಾರರಿಗೆ ಸಂಬಳ ಕೊಡುವವರು ಕ್ರಿಕೆಟ್ ಮಂಡಳಿಯಾಗಲಿ ಫ್ರಾಂಚೈಸಿಯಾಗಲಿ ಆಗಿರಲಿಲ್ಲ.

ಕ್ರೀಡಾಪಟುಗಳ ಮಾತು ಇಂದು ಹಿಂದೆಂದಿಗಿಂತ ಹೆಚ್ಚು ಕೇಳಿಸುತ್ತಿದೆ. ಟಾಸ್ ವೇಳೆ ಮಾತು, ಇನಿಂಗ್ಸ್ ನಡುವೆ ಮಾತು, ಪಂದ್ಯ ಮುಗಿದ ಮೇಲೆ ಮಾತು. ಸಾಲದ್ದಕ್ಕೆ ಫೀಲ್ಡಿಂಗ್ ಮಾಡುತ್ತಿರುವವರ ಕಿವಿಗೂ ಯಂತ್ರ ತೊಡಿಸಿ ಮಾತು. ಆದರೆ ಆ ಮಾತನ್ನು ಹೊರಡಿಸುವ ಪ್ರಶ್ನೆ ಯಾರದು ಎಂದು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. ಪ್ರಸಾರದ ಹಕ್ಕು ಕೊಂಡ ವಾಹಿನಿಗೆ ಆಟಗಾರ ಸರಕು. ಹಕ್ಕು ಮಾರಿದ ಮಂಡಳಿಗೆ ವಾಹಿನಿಯೇ ಗಿರಾಕಿ. 2023ರಿಂದ 2027ರವರೆಗಿನ ಐಪಿಎಲ್ ಮಾಧ್ಯಮ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾದವು. ಇಷ್ಟು ಹಣ ಹೂಡಿದವರು ತಮ್ಮ ಸರಕಿನ ಮೇಲೆ ತಾವೇ ಕಲೆ ಹುಡುಕಲಿ ಎಂದು ನಿರೀಕ್ಷಿಸುವುದು ಹೇಗೆ?

ಮೈಕು ಹಿಡಿದವರ ಪಾಡು

ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ಹಳೆಯ ಗಾದೆ. ಭಾರತದ ಕ್ರಿಕೆಟ್ ವೀಕ್ಷಕ ವಿವರಣೆಗಾರರಿಗೆ ಅದು ವೃತ್ತಿಯ ಅಲಿಖಿತ ಕರಾರಾಗಿಬಿಟ್ಟಿದೆ. ಕೆಲವೊಮ್ಮೆ ಲಿಖಿತವೂ ಹೌದು. ತಂಡದ ಆಯ್ಕೆ, ಮಂಡಳಿಯ ಆಡಳಿತ, ತೀರ್ಪು ಪರಿಶೀಲನಾ ಪದ್ಧತಿ ಇವುಗಳ ಬಗ್ಗೆ ತುಟಿ ಬಿಚ್ಚಬಾರದೆಂಬ ಷರತ್ತಿಗೆ ಒಪ್ಪದೆ ಆಸ್ಟ್ರೇಲಿಯದ ಮಾಜಿ ನಾಯಕ ಇಯಾನ್ ಚಾಪೆಲ್ 2013ರಲ್ಲಿ ಭಾರತದಲ್ಲಿ ಬಂದ ಅವಕಾಶವನ್ನೇ ಬಿಟ್ಟುಕೊಟ್ಟಿದ್ದರು. ಚಾಪೆಲ್‌ಗೆ ಅದು ಸಾಧ್ಯವಾಯಿತು. ಇಲ್ಲಿಯೇ ಹುಟ್ಟಿ, ಇಲ್ಲಿಯ ಪಂದ್ಯಗಳನ್ನೇ ನಂಬಿ ಬದುಕುವವರಿಗೆ ಅಷ್ಟು ಸುಲಭವಲ್ಲ.

ಹರ್ಷ ಭೋಗ್ಲೆ ಅವರ ಉದಾಹರಣೆ ಎದುರಿಗಿದೆ. ಅಂತರರಾಷ್ಟ್ರೀಯ ಪಂದ್ಯವನ್ನು ಆಡದೆ, ಕೇವಲ ಮಾತು ಮತ್ತು ಓದಿನ ಬಲದಿಂದ ಹೈದರಾಬಾದ್ ಆಕಾಶವಾಣಿಯಿಂದ ಮೇಲೆ ಬಂದವರು ಅವರು. 2016ರ ಮಾರ್ಚ್ 23ರಂದು ಚಿನ್ನಸ್ವಾಮಿಯಲ್ಲಿ ಭಾರತ ತಂಡ ಬಾಂಗ್ಲಾದೇಶವನ್ನು ಒಂದೇ ಒಂದು ರನ್‌ನಿಂದ ಸೋಲಿಸಿದಾಗ, ಭಾರತೀಯ ವಿವರಣೆಗಾರರು ನಮ್ಮವರ ಬಗ್ಗೆ ಹೆಚ್ಚು ಮಾತನಾಡಬೇಕು ಎಂದು ಅಮಿತಾಭ್ ಬಚ್ಚನ್ ಯಾರ ಹೆಸರನ್ನೂ ಹೇಳದೆ ಟ್ವೀಟ್ ಮಾಡಿದರು. ಇದಕ್ಕೆ ಸೇರಿಸುವುದೇನೂ ಇಲ್ಲ ಎಂದು ನಾಯಕ ಮಹೇಂದ್ರ ಸಿಂಗ್ ಧೋನಿ ದನಿಗೂಡಿಸಿದರು. ಏಪ್ರಿಲ್‌ನಲ್ಲಿ ಐಪಿಎಲ್ ಆರಂಭವಾದಾಗ ಭೋಗ್ಲೆ ವಿವರಣೆಗಾರರ ಪಟ್ಟಿಯಲ್ಲಿ ಇರಲಿಲ್ಲ. ಕಾರಣವನ್ನು ತಮಗೆ ಯಾರೂ ತಿಳಿಸಲಿಲ್ಲ ಎಂದು ಅವರೇ ಹೇಳಿಕೊಂಡರು. ಮುಂದೆ ಅವರು ಐಪಿಎಲ್‌ಗೆ ಮರಳಿದರೆಂಬುದು ನಿಜ. ಟ್ವೀಟ್‌ಗೂ ಕೈಬಿಟ್ಟದ್ದಕ್ಕೂ ನಂಟಿತ್ತೇ ಎಂಬುದನ್ನು ಯಾರೂ ಸಾಬೀತುಪಡಿಸಿಲ್ಲ. ಆದರೆ ಕಾರಣ ಹೇಳದೆ ಕೊಟ್ಟ ಪೆಟ್ಟು ಹೇಳಿ ಕೊಟ್ಟ ಪೆಟ್ಟಿಗಿಂತ ಹೆಚ್ಚು ಜನರಿಗೆ ತಗುಲುತ್ತದೆ. ಯಾವ ಮಾತಿನಿಂದ ಕೆಲಸ ಹೋಯಿತೆಂದು ತಿಳಿಯದಿದ್ದಾಗ ಉಳಿದವರು ಎಲ್ಲ ಮಾತುಗಳಲ್ಲೂ ಎಚ್ಚರ ವಹಿಸುತ್ತಾರೆ.

ಸಂಜಯ್ ಮಾಂಜ್ರೇಕರ್ ಅವರದು ಇದರ ಮುಂದಿನ ಅಧ್ಯಾಯ. 2019ರ ವಿಶ್ವಕಪ್ ವೇಳೆ ರವೀಂದ್ರ ಜಡೇಜ ಅವರನ್ನು ಅಷ್ಟಿಷ್ಟು ಬೌಲಿಂಗ್, ಅಷ್ಟಿಷ್ಟು ಬ್ಯಾಟಿಂಗ್ ಮಾಡುವ ಆಟಗಾರ ಎಂಬರ್ಥದಲ್ಲಿ ಟೀಕಿಸಿದರು. ಜಡೇಜ ಸಿಡಿದೆದ್ದರು. ಸೆಮಿಫೈನಲ್‌ನಲ್ಲಿ ಬ್ಯಾಟಿನಿಂದಲೂ ಉತ್ತರ ಕೊಟ್ಟರು. ಕ್ರೀಡೆಯಲ್ಲಿ ವಿಮರ್ಶೆಗೂ ಪ್ರತ್ಯುತ್ತರಕ್ಕೂ ಇರಬೇಕಾದ ಸಂಬಂಧ ಅದೇ. ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಿತ್ತು. ಆದರೆ 2020ರ ಮಾರ್ಚ್‌ನಲ್ಲಿ ಮಂಡಳಿಯ ವಿವರಣೆಗಾರರ ಬಳಗದಿಂದ ಮಾಂಜ್ರೇಕರ್ ಹೊರಬಿದ್ದರು. ಮಂಡಳಿಯ ಮಾರ್ಗಸೂಚಿಯಂತೆ ನಡೆದುಕೊಳ್ಳುವುದಾಗಿ ಪತ್ರ ಬರೆಯುವ ಸ್ಥಿತಿ ಮಾಜಿ ಟೆಸ್ಟ್ ಆಟಗಾರನಿಗೆ ಬಂತು.

ಈ ಹಿನ್ನೆಲೆಯಲ್ಲಿ ಕನ್ನಡದ ಮೈಕಿನ ಬೆಳವಣಿಗೆಯನ್ನು ನೋಡಬೇಕು. 2018ರಲ್ಲಿ ಐಪಿಎಲ್ ಪಂದ್ಯಗಳು ಕನ್ನಡ ವಿವರಣೆಯೊಂದಿಗೆ ಪ್ರಸಾರವಾದದ್ದು ಸಣ್ಣ ಸಂಗತಿಯಲ್ಲ. ಇಂಗ್ಲಿಷ್ ಬಾರದ ಕಾರಣಕ್ಕೆ ಕ್ರೀಡಾಂಗಣದ ಆಚೆ ಕಳೆದುಹೋಗುತ್ತಿದ್ದ ಅನುಭವ ಮಾತಾಗಿ ಹೊರಬರಲು ಅದರಿಂದ ದಾರಿಯಾಯಿತು. 1999ರ ನೈರೋಬಿ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾಗಿ, ಬಳಿಕ 3 ಟೆಸ್ಟ್ ಮತ್ತು 10 ಏಕದಿನ ಪಂದ್ಯಗಳಿಗೇ ಅಂತರರಾಷ್ಟ್ರೀಯ ಬದುಕು ನಿಂತುಹೋದ ವಿಜಯ್ ಭಾರದ್ವಾಜ್ ಅವರನ್ನು ಹೊಸ ತಲೆಮಾರು ಗುರುತಿಸುವುದು ಬ್ಯಾಟಿನಿಂದಲ್ಲ, ದನಿಯಿಂದ. ರಣಜಿ ಮಟ್ಟದಲ್ಲಿ ಹತ್ತಾರು ವರ್ಷ ಬೆವರು ಹರಿಸಿದವರಿಗೂ ಎರಡನೆಯ ಬದುಕೊಂದು ತೆರೆದುಕೊಂಡಿತು.

ಆದರೆ ಇದೇ ಬೆಳವಣಿಗೆ ಇನ್ನೊಂದು ಬಾಗಿಲನ್ನು ಮುಚ್ಚುತ್ತಿದೆ. ಆಡದೆ ಬಂದ ವಿವರಣೆಗಾರ ಅಪರೂಪವಾಗುತ್ತಿದ್ದಾನೆ. ಮಾಜಿ ಆಟಗಾರ ಹಾಲಿ ಆಟಗಾರನನ್ನು ಸಂದರ್ಶಿಸುವಾಗ ಆಟದ ಸೂಕ್ಷ್ಮಗಳು ಸೊಗಸಾಗಿ ಬಿಚ್ಚಿಕೊಳ್ಳುತ್ತವೆ. ಚೆಂಡಿನ ಹೊಲಿಗೆ ಹಿಡಿಯುವ ಬಗೆ, ಮಂಡಿಯ ನೋವಿನಲ್ಲಿ ಓಡುವ ಬಗೆ, ಇವನ್ನು ಕೇಳುವುದು ಅವರಿಗೇ ಸಲ್ಲುತ್ತದೆ. ಆದರೆ ನಾಳೆ ತಾನೂ ಅದೇ ಫ್ರಾಂಚೈಸಿಯ ಕೋಚ್ ಆಗಬಹುದು, ಅದೇ ಸಂಸ್ಥೆಯ ಆಯ್ಕೆಗಾರನಾಗಬಹುದು ಎಂಬ ಆಸೆ ಇರುವವನು ಗುತ್ತಿಗೆ, ಗಾಯ, ಆಯ್ಕೆಯ ಅನ್ಯಾಯಗಳ ಬಗ್ಗೆ ಎಷ್ಟು ಒತ್ತಿ ಕೇಳಿಯಾನು? ಕೇಳದಿರುವುದರಲ್ಲಿ ಅವನ ತಪ್ಪೆಷ್ಟು ಎಂಬುದೂ ಯೋಚಿಸಬೇಕಾದ ಮಾತೇ. ಹೊಟ್ಟೆಪಾಡು ಎಲ್ಲರದ್ದೂ ಒಂದೇ.

ಪ್ರಶ್ನೆಯ ಕೊಠಡಿ ಕಿರಿದಾಗುತ್ತಿದೆ

ಆಟಗಾರರು ನಿವೃತ್ತಿಯನ್ನು ತಿಳಿಸುವ ಬಗೆಯೇ ಈ ಬದಲಾವಣೆಯನ್ನು ಹೇಳುತ್ತದೆ. ರಾಹುಲ್ ದ್ರಾವಿಡ್ 2012ರ ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿಯೇ ಸುದ್ದಿಗಾರರನ್ನು ಕರೆದು, ಬರೆದು ತಂದ ಹೇಳಿಕೆ ಓದಿ, ಬಳಿಕ ಪ್ರಶ್ನೆಗಳಿಗೆ ಉತ್ತರಿಸಿದರು. 2014ರ ಡಿಸೆಂಬರ್ 30ರಂದು ಧೋನಿ ಮೆಲ್ಬರ್ನ್‌ನಲ್ಲಿ ಪತ್ರಿಕಾಗೋಷ್ಠಿಗೆ ಬಂದರು, ಪಂದ್ಯದ ಬಗ್ಗೆ ಮಾತನಾಡಿದರು, ಎದ್ದು ಹೋದರು. ಅವರು ಟೆಸ್ಟ್ ಬಿಟ್ಟ ಸುದ್ದಿ ಸ್ವಲ್ಪ ಹೊತ್ತಿನ ನಂತರ ಮಂಡಳಿಯ ಪ್ರಕಟಣೆಯಲ್ಲಿ ಬಂತು. 2016ರಲ್ಲಿ ನಿವೃತ್ತಿಯ ಬಗ್ಗೆ ಕೇಳಿದ ಆಸ್ಟ್ರೇಲಿಯದ ಪತ್ರಕರ್ತನನ್ನು ಅವರು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ತಾನು ಓಡಲಾರದಂತೆ ಕಾಣುತ್ತೇನೆಯೇ ಎಂದು ಮರುಪ್ರಶ್ನೆ ಹಾಕಿದ್ದನ್ನು ಎಲ್ಲರೂ ನಕ್ಕು ನೋಡಿದರು. ತಮಾಷೆಯಲ್ಲಿ ಮೂಲ ಪ್ರಶ್ನೆ ತೇಲಿಹೋಯಿತು. 2020ರ ಆಗಸ್ಟ್ 15ರಂದು ಅವರ ಕೊನೆಯ ವಿದಾಯ ಬಂದದ್ದು ಇನ್‌ಸ್ಟಾಗ್ರಾಂನಲ್ಲಿ.

2024ರ ಡಿಸೆಂಬರ್ 18ರಂದು ಬ್ರಿಸ್ಬೇನ್‌ನಲ್ಲಿ ಆರ್. ಅಶ್ವಿನ್ ಸುದ್ದಿಗಾರರ ಎದುರು ಬಂದು ಕುಳಿತರಾದರೂ ಪ್ರಶ್ನೆಗಳನ್ನು ತೆಗೆದುಕೊಳ್ಳಲಿಲ್ಲ. 2025ರ ಮೇ ತಿಂಗಳಲ್ಲಿ ರೋಹಿತ್ ಶರ್ಮಾ ಮತ್ತು ಕೊಹ್ಲಿ ಐದು ದಿನಗಳ ಅಂತರದಲ್ಲಿ ಟೆಸ್ಟ್ ಕ್ರಿಕೆಟ್ ತೊರೆದಾಗ ಕುರ್ಚಿಯೂ ಬೇಕಾಗಲಿಲ್ಲ, ಮೇಜೂ ಬೇಕಾಗಲಿಲ್ಲ. ಮೊಬೈಲ್ ಪರದೆಯೊಂದೇ ಸಾಕಾಯಿತು. ಸರಣಿಯ ನಡುವೆ ಏಕೆ, ಪ್ರವಾಸದ ಮುನ್ನ ಏಕೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಅಶ್ವಿನ್ ಅವರಂತೂ ಈಗ ತಮ್ಮದೇ ಯೂಟ್ಯೂಬ್ ವಾಹಿನಿಯಲ್ಲಿ ಸಂದರ್ಶಕರು. ದ್ರಾವಿಡ್ ಅವರನ್ನೂ ಅಲ್ಲಿ ಮಾತನಾಡಿಸಿದ್ದಾರೆ. ಮಾತು ಬಲ್ಲವರಿಬ್ಬರ ಸಂಭಾಷಣೆ ರುಚಿಕರವೇ. ಆದರೆ ಅದು ಪಡಸಾಲೆಯ ಹರಟೆ, ವಿಚಾರಣೆಯಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ಐಸಿಸಿ ಪರವಾಗಿ ಜಸ್‌ಪ್ರೀತ್ ಬೂಮ್ರಾ ಅವರನ್ನು ಸಂದರ್ಶಿಸಿದ್ದು ಅವರ ಪತ್ನಿ ಸಂಜನಾ ಗಣೇಶನ್. ರಾತ್ರಿ ಊಟಕ್ಕೇನು ಎಂಬ ಪ್ರಶ್ನೆಯೊಂದಿಗೆ ಸಂದರ್ಶನ ಮುಗಿದಾಗ ನೋಡಿದವರೆಲ್ಲ ಮೆಚ್ಚಿಕೊಂಡರು. ಮೆಚ್ಚದಿರಲು ಕಾರಣವೂ ಇರಲಿಲ್ಲ. ಎಲ್ಲ ಸಂದರ್ಶನಗಳೂ ಮನೆಯ ಮಾತಾಗಿಬಿಟ್ಟರೆ ಮಾತ್ರ ಕಷ್ಟ.

ಹಾಗೆಂದು ಪತ್ರಿಕಾಗೋಷ್ಠಿ ದೇವಸ್ಥಾನವೇನಲ್ಲ. 2021ರ ಫ್ರೆಂಚ್ ಓಪನ್‌ನಲ್ಲಿ ಜಪಾನ್‌ನ ನವೊಮಿ ಒಸಾಕ ಮೊದಲ ಸುತ್ತು ಗೆದ್ದೂ ಸುದ್ದಿಗಾರರನ್ನು ಭೇಟಿ ಮಾಡಲು ಒಪ್ಪಲಿಲ್ಲ. ಅವರಿಗೆ 15,000 ಡಾಲರ್ ದಂಡ ಬಿತ್ತು. ಇನ್ನೂ ಕಠಿಣ ಕ್ರಮದ ಎಚ್ಚರಿಕೆಯೂ ಬಂತು. ಮಾರನೆಯ ದಿನ ಅವರು ಟೂರ್ನಿಯಿಂದಲೇ ಹಿಂದೆ ಸರಿದು, 2018ರಿಂದ ಖಿನ್ನತೆ ತಮ್ಮನ್ನು ಕಾಡುತ್ತಿದೆ ಎಂದು ಬಹಿರಂಗಪಡಿಸಿದರು. ಸೋತ ಅರ್ಧ ಗಂಟೆಯಲ್ಲಿ ಇಪ್ಪತ್ತು ವರ್ಷದ ಹುಡುಗಿಯನ್ನು ಕೂರಿಸಿ ‘ಏನನ್ನಿಸುತ್ತಿದೆ?’ ಎಂದು ಕೇಳುವುದರಲ್ಲಿ ಪತ್ರಿಕೋದ್ಯಮವೂ ಇಲ್ಲ, ಮನುಷ್ಯತ್ವವೂ ಇಲ್ಲ. ಆಟಗಾರರು ದೂರ ಸರಿದಿದ್ದರೆ ಅದರ ಪಾಲು ಮಾಧ್ಯಮಗಳ ಮೇಲೂ ಇದೆ.

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡ್‌ಗಳಲ್ಲಿ ಓಡಿಸಿದರು. ಯಾರೋ ತ್ರೈರಾಶಿ ಹಾಕಿ 100 ಮೀಟರಿಗೆ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟೇ ಸಾಕಾಯಿತು, ದೆಹಲಿಯ ಸ್ಟುಡಿಯೊಗಳು ಕುಣಿದವು; ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸುವುದಾಗಿ ಘೋಷಿಸಿದರು. ಕಟ್ಟಡ ಕೆಲಸ ಮಾಡಿ ಬದುಕುವ ಆ ಯುವಕನನ್ನು ಅವನ ನೆಲದಲ್ಲಿ ನಿಂತು ಕೇಳಿದಾಗ ಸಿಕ್ಕ ಉತ್ತರ ಎಲ್ಲ ಸ್ಟುಡಿಯೊಗಳ ವಿಶ್ಲೇಷಣೆಗಿಂತ ತೂಕದ್ದಾಗಿತ್ತು. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕ್‌ನಲ್ಲಿ ಮುಂಗಾಲಿನಲ್ಲಿ. ಗೆಲುವಿನಲ್ಲಿ ಕೋಣಗಳ ಪಾಲೂ ಇದೆ. ಹೀಗೆ ಹೇಳಿ ಅವರು ಟ್ರಯಲ್ಸ್‌ನಿಂದ ದೂರ ಉಳಿದರು. ಓಟಗಾರನೊಬ್ಬ ತನ್ನ ಕಸುಬನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದ್ದು, ಕೋಟಿ ಕೋಟಿಯ ಪ್ರಸಾರ ಹಕ್ಕು ಇಲ್ಲದ ಒಂದು ಕ್ರೀಡೆಯಲ್ಲಿ.

ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಆಡಿದ ಮಾತೂ ಅಂಥದ್ದೇ. ಕೆಲ ವರ್ಷಗಳ ಹಿಂದೆ ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಾಗದೆ, ಆಟ ಬಿಡುವುದಾಗಿ ಪತ್ನಿಗೆ ವಿಡಿಯೊ ಸಂದೇಶ ಕಳುಹಿಸಿದ್ದನ್ನು ಅವರು ಪ್ರಶಸ್ತಿ ವೇದಿಕೆಯಲ್ಲಿ ನೆನೆದರು. ಆ ಐದು ತಿಂಗಳಲ್ಲಿ ಅವರ ಖರ್ಚನ್ನು ಯಾರು ಹೊತ್ತರು, ಕೋಚ್‌ಗೆ ಸಂಬಳ ಹೇಗೆ ಹೊಂದಿಸಿದರು, ಡಬಲ್ಸ್ ಆಟಗಾರನೊಬ್ಬ ಸೋಲುತ್ತಲೇ ಪ್ರವಾಸ ಮಾಡುವುದೆಂದರೇನು? ಟೆನಿಸ್ ಕಲಿಯುತ್ತಿರುವ ಮಡಿಕೇರಿಯ ಮಗುವಿನ ಪೋಷಕರಿಗೆ ಗೆಲುವಿನ ಕಥೆಗಿಂತ ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗೆದ್ದವರನ್ನು ಸುತ್ತುವರಿಯುವ ಮೈಕುಗಳು ಇವನ್ನು ಕೇಳುವ ಹೊತ್ತಿಗೆ ಜಾಹೀರಾತಿನ ಸಮಯವಾಗಿರುತ್ತದೆ.

ಪ್ರಾಯೋಜಕರ ಹೆಸರು ಮುದ್ರಿಸಿದ ಪರದೆ ಹಿಂದಿಲ್ಲದಿದ್ದಾಗ ಕ್ರೀಡಾಪಟುವಿನ ಮಾತು ಹೇಗಿರುತ್ತದೆ ಎಂಬುದನ್ನು ದೇಶ 2023ರಲ್ಲಿ ಕಂಡಿದೆ. ಜನವರಿಯಲ್ಲಿ ಜಂತರ್ ಮಂತರ್‌ನ ರಸ್ತೆಯಲ್ಲಿ ಕುಳಿತ ಕುಸ್ತಿಪಟುಗಳು, ಕುಸ್ತಿ ಫೆಡರೇಷನ್‌ನ ಅಂದಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪಗಳನ್ನು ಹೊರಿಸಿದರು. ಅಧ್ಯಕ್ಷರು ಅವನ್ನು ನಿರಾಕರಿಸಿದರು. ಡಿಸೆಂಬರ್ 21ರಂದು ಫೆಡರೇಷನ್ ಚುನಾವಣೆಯಲ್ಲಿ ಅವರ ಆಪ್ತರೇ ಗೆದ್ದ ಬೆನ್ನಿಗೆ, 2016ರ ಒಲಿಂಪಿಕ್ಸ್ ಕಂಚು ವಿಜೇತೆ ಸಾಕ್ಷಿ ಮಲಿಕ್ ದೆಹಲಿಯಲ್ಲಿ ಸುದ್ದಿಗಾರರನ್ನು ಕರೆದರು. ಅಳುತ್ತಲೇ ಕುಸ್ತಿ ತೊರೆಯುವುದಾಗಿ ಘೋಷಿಸಿ, ಮೈಕುಗಳು ತುಂಬಿದ್ದ ಮೇಜಿನ ಮೇಲೆ ತಮ್ಮ ಬೂಟುಗಳನ್ನು ಇಟ್ಟು ಎದ್ದು ಹೋದರು.